ಯಂತ್ರಕ್ಕೊಂದು ಚಕ್ಕುಬಂದಿ

ಭಟ್ಕಳ ತಾಲೂಕಿನ ಕಾಯ್ಕಿಣಿಯ ಒಂದು ಮನೆಯ ಜಗಲಿ. ಒಬ್ಬರು ಭಟ್ಕಳದ ಉಪನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ ಬರೆದು ಬದುಕು ಸವೆಸಿದವರು. ಕಾವೇರಿ 2.0 ತಂತ್ರಾಂಶ ಬಂದು ನೋಂದಣಿಯ ಅರ್ಜಿಯೆಲ್ಲ ಆನ್‌ಲೈನ್ ಆದ ಮೇಲೆ ಪೆನ್ನು ಕೆಳಗಿಟ್ಟಿದ್ದಾರೆ. ಇನ್ನೊಬ್ಬಳು ಅವರ ತಂಗಿಯ ಮಗಳು. ಬೆಂಗಳೂರಿನ ಕೆಲಸವನ್ನು ಊರಲ್ಲೇ ಕೂತು ಮಾಡುತ್ತಾಳೆ. ಬಿಡುವಿನಲ್ಲಿ ಮುರ್ಡೇಶ್ವರದ ಹೋಮ್‌ಸ್ಟೇ ಒಂದಕ್ಕೆ ಜಾಲತಾಣ ಮಾಡಿಕೊಡುತ್ತಿದ್ದಾಳೆ. ಅದನ್ನು ಮನುಷ್ಯರಷ್ಟೇ ಅಲ್ಲ, ಎಐ ಏಜೆಂಟುಗಳೂ ಬಳಸಬೇಕಂತೆ. ನಾನು ಪಕ್ಕದ ಬೆಂಚಿನಲ್ಲಿ ಕೂತು ಕೇಳಿಸಿಕೊಂಡವನು, ಅಷ್ಟೆ.

ಹಿರಿಯರು: ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ. ಒಂದೇ ಸಾಲು ಬರೀತೀಯೆ, ಅಳಿಸ್ತೀಯೆ. ಎಂತ ತಂಗೀ, ಕವಿತೆಯಾ?

ಹುಡುಗಿ: ಅಲ್ಲ ಮಾವ, ಟೂಲ್‌ನ ವಿವರಣೆ. ಪ್ರೋಗ್ರಾಮು ನಿನ್ನೆಯೇ ಮುಗೀತು. ಈ ಎರಡು ಸಾಲೇ ಮುಗೀತಾ ಇಲ್ಲ.

ಹಿರಿಯರು: ಕೆಲಸ ಮುಗಿದ ಮೇಲೆ ವಿವರಣೆ ಯಾರಿಗೆ?

ಹುಡುಗಿ: ಏಜೆಂಟಿಗೆ. ಜನ ಈಗ ಫೋನಿಗೆ ಹೇಳ್ತಾರೆ, ‘ಮುರ್ಡೇಶ್ವರದಲ್ಲಿ ಶನಿವಾರಕ್ಕೆ ಎರಡು ರೂಮು ನೋಡು’ ಅಂತ. ಏಜೆಂಟು ಬ್ರೌಸರ್ ತೆರೆದು ಸೈಟಿಗೆ ಬರ್ತದೆ. ಇಷ್ಟು ದಿನ ಅದು ಪುಟ ನೋಡಿ, ಯಾವ ಬಟನ್ ಯಾವುದಕ್ಕೆ ಅಂತ ಊಹೆ ಮಾಡಿ ಒತ್ತಬೇಕಿತ್ತು. ಈಗ ವೆಬ್‌ಎಂಸಿಪಿ ಅಂತ ಒಂದು ಪದ್ಧತಿ ಬರ್ತಾ ಇದೆ. ಗೂಗಲ್, ಮೈಕ್ರೋಸಾಫ್ಟ್‌ನವರು ಸೇರಿ ಡಬ್ಲ್ಯೂ3ಸಿಯ ಒಂದು ಸಮುದಾಯ ಗುಂಪಿನಲ್ಲಿ ಕರಡು ಮಾಡ್ತಿದ್ದಾರೆ. 2026ರ ಆರಂಭದಲ್ಲಿ ಕ್ರೋಮ್‌ನಲ್ಲಿ ಪ್ರಯೋಗಕ್ಕೂ ಬಿಟ್ಟರು. ಅದರಲ್ಲಿ ಪುಟವೇ ಏಜೆಂಟಿಗೆ ಹೇಳ್ತದೆ, ‘ನನ್ನಲ್ಲಿ ಇಂತಿಂಥ ಟೂಲ್ ಇವೆ’ ಅಂತ. ಒಂದೊಂದಕ್ಕೂ ಒಂದು ಹೆಸರು, ಒಂದು ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ. ಏಜೆಂಟು ಓದೋದು ಅಷ್ಟೇ. ಒಳಗೆ ನಾನು ಬರೆದ ಪ್ರೋಗ್ರಾಮು ಅದಕ್ಕೆ ಕಾಣೋದಿಲ್ಲ.

ಹಿರಿಯರು: ಜಾಗಕ್ಕೆ ಕಾಲಿಡದೆ ಪತ್ರ ಓದಿಯೇ ಜಾಗ ತಗೊಳ್ಳುವವ.

ಹುಡುಗಿ: ಹೆಚ್ಚು ಕಡಿಮೆ ಹಾಗೇ.

ಹಿರಿಯರು: ಹಾಗಾದ್ರೆ ನೀನು ಮಾಡ್ತಾ ಇರೋದು ನನ್ನ ಕಸುಬು. 1908ರ ನೋಂದಣಿ ಕಾಯ್ದೆ, 21ನೇ ಕಲಂ. ಸ್ಥಿರಾಸ್ತಿಯ ಪತ್ರದಲ್ಲಿ ಆಸ್ತಿಯನ್ನು ಗುರುತು ಹಿಡಿಯುವಷ್ಟು ವಿವರ ಇರಲೇಬೇಕು, ಇಲ್ಲದಿದ್ರೆ ನೋಂದಣಿಗೇ ತಗೊಳ್ಳೋದಿಲ್ಲ. ‘ಕಾಯ್ಕಿಣಿಯಲ್ಲಿರುವ ತೋಟ’ ಅಂತ ಬರೆದ್ರೆ ಕಾಯ್ಕಿಣಿಯ ಎಲ್ಲ ತೋಟವೂ ಅದೇ ಆಯ್ತು. ಸರ್ವೆ ನಂಬರು, ಹಿಸ್ಸಾ, ಕ್ಷೇತ್ರ, ಮೂಡಕ್ಕೆ ಎಂತ, ಪಡುವಕ್ಕೆ ಎಂತ, ನಾಲ್ಕೂ ಕಡೆ ಚಕ್ಕುಬಂದಿ. ಈಗ ಓದು ನಿನ್ನ ಸಾಲು.

ಹುಡುಗಿ: ಮೊದಲು ಇದ್ದದ್ದು ‘ರೂಮ್ ಬುಕಿಂಗ್ ನಿರ್ವಹಿಸುತ್ತದೆ’ ಅಂತ.

ಹಿರಿಯರು: ನಿರ್ವಹಿಸುತ್ತದೆ! ಸುತ್ತೋಲೆಯ ಭಾಷೆ. ನೋಡಿ ಹೇಳ್ತದೋ, ಬುಕ್ ಮಾಡ್ತದೋ, ಆದದ್ದನ್ನು ರದ್ದು ಮಾಡ್ತದೋ?

ಹುಡುಗಿ: ಅದಕ್ಕೇ ಒಡೆದು ಮೂರು ಮಾಡಿದೆ. ಒಂದು: ‘ಕೊಟ್ಟ ತಾರೀಕುಗಳಲ್ಲಿ ಖಾಲಿ ಇರುವ ರೂಮುಗಳನ್ನೂ ಪ್ರತಿ ರಾತ್ರಿಯ ಬಾಡಿಗೆಯನ್ನೂ ತಿಳಿಸುತ್ತದೆ. ರೂಮು ಕಾದಿರಿಸುವುದಿಲ್ಲ.’ ಇನ್ನೊಂದು: ‘ಬುಕಿಂಗ್ ಫಾರಂ ತುಂಬಿ ಗಿರಾಕಿಯ ಮುಂದಿಡುತ್ತದೆ. ಖಚಿತಪಡಿಸುವುದು, ಹಣ ಕಟ್ಟುವುದು ಗಿರಾಕಿಯೇ.’ ಮೂರನೆಯದು ರದ್ದು ಮಾಡೋದು. ಶುರು ಮಾಡಿಕೊಡುವ ಟೂಲ್ ಬೇರೆ, ಮುಗಿಸಿಯೇ ಬಿಡುವ ಟೂಲ್ ಬೇರೆ. ಅದು ಹೆಸರಿನಲ್ಲೇ ಗೊತ್ತಾಗಬೇಕು.

ಹಿರಿಯರು: ಕರಾರುಪತ್ರಕ್ಕೂ ಕ್ರಯಪತ್ರಕ್ಕೂ ಇರುವ ಅಂತರ. ಒಂದರಲ್ಲಿ ಕೊಡ್ತೇನೆ ಅನ್ನೋದು, ಇನ್ನೊಂದರಲ್ಲಿ ಕೊಟ್ಟಾಯ್ತು ಅನ್ನೋದು. ಅಡ್ಡಿಲ್ಲ. ಆದ್ರೆ ನನಗೊಂದು ಸಿಟ್ಟು ಉಂಟು, ಹೇಳ್ಲಾ?

ಹುಡುಗಿ: ಹೇಳಿ ಮಾವ. ಬೇಡ ಅಂದ್ರೂ ಬಿಡ್ತೀರಾ?

ಹಿರಿಯರು: ಯಂತ್ರ ಓದ್ತದೆ ಅಂತ ಆದ ಕೂಡ್ಲೇ ನಿಮಗೆಲ್ಲ ಸ್ಪಷ್ಟವಾಗಿ ಬರೆಯುವ ಬುದ್ಧಿ ಬಂತು. ಮನುಷ್ಯರು ಓದುವಾಗ ಎಲ್ಲಿ ಹೋಗಿತ್ತು ಅದು? ಭೂಮಿ ತಂತ್ರಾಂಶ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಪಹಣಿ ನೋಡುವ ಪುಟ ತೆಗಿ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಅಲ್ಲೀವರೆಗೆ ಸರಿ. ಆಮೇಲೆ ‘ಸರ್ನಾಕ್’ ಅಂತ ಒಂದು ಖಾನೆ. ಅದರಲ್ಲಿ ಹೆಚ್ಚಾಗಿ ಒಂದು ನಕ್ಷತ್ರ ಚಿಹ್ನೆ ಬಿಟ್ರೆ ಬೇರೆ ಎಂತದೂ ಇರೋದಿಲ್ಲ. ಅದನ್ನು ಆರಿಸದೆ ಹಿಸ್ಸಾ ನಂಬರು ಬರೋದಿಲ್ಲ. ಅದು ಎಂತದು ಅಂತ ಪುಟದಲ್ಲಿ ಒಂದು ಸಾಲು ಇಲ್ಲ. ಎಷ್ಟು ಜನ ನನ್ನ ಹತ್ರ ಬಂದು ‘ಈ ನಕ್ಷತ್ರ ಎಂತದ್ರಾ’ ಅಂತ ಕೇಳಿದ್ದಾರೆ.

ಹುಡುಗಿ: ಕೇಳಿದ್ರಲ್ಲ, ಅದೇ. ಮನುಷ್ಯರಿಗೆ ನೀವಿದ್ರಿ. ಗ್ರಾಮ ಒನ್ ಕೌಂಟರಿನಲ್ಲಿ ಯಾರೋ ಇದ್ರು, ಬಾಪೂಜಿ ಸೇವಾ ಕೇಂದ್ರದಲ್ಲಿ ಯಾರೋ ಇದ್ರು. ಪುಟದಲ್ಲಿ ಇಲ್ಲದ ವಿವರಣೆಯನ್ನೆಲ್ಲ ಬಾಯಲ್ಲಿ ಹೇಳಿ ತುಂಬ್ತಾ ಬಂದದ್ದು ಅವರು. ಅದಕ್ಕೇ ಯಾರಿಗೂ ಬರೆಯುವ ಜರೂರು ಕಾಣಲಿಲ್ಲ. ಏಜೆಂಟಿಗೆ ಹಾಗೆ ಕೇಳಲಿಕ್ಕೆ ಪಕ್ಕದಲ್ಲಿ ಯಾರೂ ಇಲ್ಲ. ಗೊತ್ತಾಗದಿದ್ರೆ ಊಹೆ ಮಾಡ್ತದೆ. ಊಹೆ ಮಾಡಿದೆ ಅಂತಲೂ ಹೇಳದೆ ಮುಂದೆ ಹೋಗ್ತದೆ.

ಹಿರಿಯರು: ಅಂದ್ರೆ ನಾವು ಬಾಯಲ್ಲಿ ತುಂಬಿದ್ದು ತಪ್ಪೋ?

ಹುಡುಗಿ: ತಪ್ಪಲ್ಲ. ಆದ್ರೆ ಅದೆಲ್ಲೂ ಬರವಣಿಗೆಗೆ ಇಳೀಲಿಲ್ಲ.

(ಇಲ್ಲಿ ನಾನು ಹಿರಿಯರ ಕಡೆ. ಸ್ಪಷ್ಟತೆಗೆ ಯಂತ್ರ ಗಿರಾಕಿಯಾದ ಮೇಲೆ ಬೆಲೆ ಬಂತೆಂಬುದು ನಾಚಿಕೆಗೇಡು. ಆದರೆ ಯಾರಿಗೋಸ್ಕರವೇ ಬರೆಯಲಿ, ಬರೆದ ಸಾಲನ್ನು ಮನುಷ್ಯನೂ ಓದಬಹುದು ಎಂಬುದನ್ನು ಅವರಿಬ್ಬರೂ ಅಲ್ಲಿ ಮರೆತರು.)

ಹಿರಿಯರು: ಸರಿ, ಊಹೆ ಮಾಡ್ತದೆ ಅಂದ್ಯಲ್ಲ, ಎಲ್ಲಿ ಮಾಡ್ತದೆ ಹೇಳು.

ಹುಡುಗಿ: ಎರಡು ಟೂಲ್ ಒಂದೇ ಹಾಗೆ ಕಂಡ್ರೆ ಅಲ್ಲಿ. ನಿಮ್ಮ ಪಹಣಿಯನ್ನೇ ತಗೊಳ್ಳಿ. ಪುಕ್ಕಟೆ ನೋಡುವ ಪಹಣಿ ಒಂದು, ದುಡ್ಡು ಕಟ್ಟಿ ತೆಗೆಯುವ ಡಿಜಿಟಲ್ ಸಹಿಯ ಐ-ಆರ್‌ಟಿಸಿ ಒಂದು. ಎರಡಕ್ಕೂ ‘ಪಹಣಿ ಕೊಡುತ್ತದೆ’ ಅಂತ ಬರೆದು ಏಜೆಂಟಿಗೆ ಕೊಟ್ರೆ, ಬ್ಯಾಂಕಿಗೆ ಬೇಕು ಅಂದವರಿಗೆ ಪುಕ್ಕಟೆಯದ್ದನ್ನೇ ತಂದು ಕೊಡಬಹುದು.

ಹಿರಿಯರು: ಬ್ಯಾಂಕಿನವರು ವಾಪಸ್ ಕಳಿಸ್ತಾರೆ.

ಹುಡುಗಿ: ಅದಕ್ಕೇ ಏನು ಮಾಡ್ತದೆ ಅನ್ನುವಷ್ಟೇ ಮುಖ್ಯ ಯಾವಾಗ ಇದಲ್ಲ, ಅದು ಅನ್ನೋದು. ‘ಮಾಹಿತಿಗೆ ಮಾತ್ರ. ಬ್ಯಾಂಕಿಗೋ ಕೋರ್ಟಿಗೋ ಬೇಕಿದ್ದರೆ ಸಹಿ ಇರುವ ಪ್ರತಿಯ ಟೂಲ್ ಬಳಸು’. ಮೈಕ್ರೋಸಾಫ್ಟಿನ ಪ್ಲೇರೈಟ್ ಅಂತ ಬ್ರೌಸರ್ ಓಡಿಸುವ ಸಾಧನ ಇದೆ. ಅದರಲ್ಲಿ ಪುಟದ ಫೋಟೋ ತೆಗೆಯುವ ಟೂಲ್‌ನ ವಿವರಣೆಯಲ್ಲೇ ಸ್ಪಷ್ಟವಾಗಿ ಇದೆ, ಈ ಫೋಟೋ ನೋಡಿ ಕ್ಲಿಕ್ ಮಾಡ್ಲಿಕ್ಕಾಗೋದಿಲ್ಲ, ಅದಕ್ಕೆ ಪುಟದ ರಚನೆ ಓದಿಕೊಡುವ ಇನ್ನೊಂದು ಟೂಲ್ ಬಳಸು ಅಂತ. ಆ ಒಂದು ಸಾಲು ಇಲ್ಲದಿದ್ರೆ ಏಜೆಂಟು ಫೋಟೋ ತೆಗೀತಾ ಕೂತ್ಕೊಳ್ತದೆ.

ಹಿರಿಯರು: ಬರೆಯದಿದ್ದ ಕಡೆ ದಾರಿ ತಪ್ಪೋದು ಸರಿ. ಬರೆದ ಕಡೆಯೂ ತಪ್ಪಿದ್ರೆ?

ಹುಡುಗಿ: ತಪ್ಪಿದ್ದೂ ಉಂಟು. ಕ್ಲಾಡ್ ಅನ್ನುವ ಎಐ ಮಾಡುವ ಆಂಥ್ರೋಪಿಕ್‌ನವರೇ 2025ರಲ್ಲಿ ಹೇಳಿಕೊಂಡಿದ್ದಾರೆ. ಅವರ ಹುಡುಕುವ ಟೂಲ್ ಬಿಟ್ಟ ಸಮಯದಲ್ಲಿ ಕ್ಲಾಡ್ ಹುಡುಕುವ ಮಾತಿಗೆ ‘2025’ ಅಂತ ತಾನೇ ಸೇರಿಸ್ತಿತ್ತಂತೆ. ಬೇಡದ ಕಡೆಯೂ. ಉತ್ತರ ಹಾಳಾಗ್ತಿತ್ತು. ಕೊನೆಗೆ ಟೂಲ್‌ನ ವಿವರಣೆಯನ್ನೇ ತಿದ್ದಿ ಸರಿದಾರಿಗೆ ತಂದ್ರು.

ಹಿರಿಯರು: ಒಂದೆರಡು ಸಾಲು ತಿದ್ದಿ?

ಹುಡುಗಿ: ಅದಕ್ಕೇ ಬೆಳಿಗ್ಗೆಯಿಂದ ಅಳಿಸ್ತಾ ಇರೋದು.

ಹಿರಿಯರು: ನಾಳೆ ಜಾಗದ್ದೇ ಟೂಲ್ ಬರೆದ್ರೆ ಅಳತೆಯದ್ದು ಎಂತ ಮಾಡ್ತೀಯೆ? ಕೇಳು. ನಮ್ಮ ಜಿಲ್ಲೆ 1862ರಲ್ಲಿ ಮುಂಬೈ ಪ್ರಾಂತಕ್ಕೆ ಹೋಯ್ತು. ಕುಂದಾಪುರದಿಂದ ಆಚೆ ಮದ್ರಾಸಿನಲ್ಲೇ ಉಳೀತು. ಅದಕ್ಕೇ ಇಲ್ಲಿ ಎಕರೆ, ಗುಂಟೆ, ಆಣೆ. ಗಡಿ ದಾಟಿ ಬೈಂದೂರಿಗೆ ಹೋದ್ರೆ ಸೆಂಟ್ಸ್. ಭಟ್ಕಳದಲ್ಲಿ ಎರಡೂ ಬಾಯಲ್ಲಿ ಓಡಾಡ್ತದೆ. ಅಲ್ಲಿಂದ ಬಂದವರು ‘ಹತ್ತು’ ಅಂದ್ರೆ ಹತ್ತು ಸೆಂಟ್ಸ್, ಅಂದ್ರೆ ನಾಲ್ಕು ಗುಂಟೆ. ನಮ್ಮವ ‘ಹತ್ತು’ ಅಂದ್ರೆ ಇಪ್ಪತ್ತೈದು ಸೆಂಟ್ಸ್. ನಿನ್ನ ಪಟ್ಟಿಯಲ್ಲಿ ಬರೀ ‘ಕ್ಷೇತ್ರ: ಸಂಖ್ಯೆ’ ಅಂತ ಇದ್ರೆ ಜಾಗ ಎರಡೂವರೆ ಪಾಲು ಹೆಚ್ಚು ಕಡಿಮೆ ಆಗ್ತದೆ ಮಾರಾಯ್ತಿ.

ಹುಡುಗಿ: ‘ಗುಂಟೆಯಲ್ಲಿ ಕೊಡಿ’ ಅಂತ ಬರೆದ್ರೆ?

ಹಿರಿಯರು: ಆವಾಗ ಸೆಂಟ್ಸ್ ಹೇಳಿದವನ ಲೆಕ್ಕ ಯಾರು ಮಾಡ್ತಾರೆ? ಯಂತ್ರವೋ?

ಹುಡುಗಿ: ...ಅದು ಸರಿ. ಏಜೆಂಟಿನ ಒಳಗಿರುವ ಭಾಷಾ ಮಾದರಿಗಳಿಗೆ ಲೆಕ್ಕ ಬಿಡಬಾರದು. ಗಿರಾಕಿ ಹೇಳಿದ್ದನ್ನು ಹಾಗೇ ತಗೊಂಡು ಲೆಕ್ಕವನ್ನು ಪ್ರೋಗ್ರಾಮಿನಲ್ಲಿ ಮಾಡೋದೇ ವಾಸಿ. ಎರಡು ಖಾನೆ ಇಡ್ತೇನೆ, ಸಂಖ್ಯೆಗೆ ಒಂದು, ಅಳತೆಗೆ ಒಂದು. ಅಳತೆಯಲ್ಲಿ ಗುಂಟೆ, ಸೆಂಟ್ಸ್, ಎಕರೆ ಮೂರೇ. ಹೋಮ್‌ಸ್ಟೇಯಲ್ಲೂ ಇದೇ ಮಾಡಿದ್ದೇನೆ. ‘ಮಧ್ಯಾಹ್ನ ಎರಡು ಗಂಟೆಗೆ ಬರ್ತೇವೆ’ ಅಂದ್ರೆ 14:00 ಅಂತಲೇ ತಗೊಳ್ತದೆ, ನಿಮಿಷಕ್ಕೆ ಬದಲಾಯಿಸು ಅಂತ ಏಜೆಂಟಿಗೆ ಹೇಳೋದಿಲ್ಲ.

ಹಿರಿಯರು: ಅಳತೆ ಹೇಳದೆ ಬರೀ ‘ಹತ್ತು’ ಅಂದವನಿಗೆ?

ಹುಡುಗಿ: ಟೂಲ್ ವಾಪಸ್ ಮಾಡ್ತದೆ. ಬರೀ ‘ದೋಷ’ ಅಂತಲ್ಲ. ‘ಅಳತೆ ಬಂದಿಲ್ಲ. ಗುಂಟೆಯೋ ಸೆಂಟ್ಸೋ ಎಂದು ಗಿರಾಕಿಯನ್ನು ಕೇಳು’ ಅಂತ. ವಿವರಣೆ ಬರೀ ಮೊದಲ ಎರಡು ಸಾಲಲ್ಲ ಮಾವ, ತಪ್ಪಾದಾಗ ಟೂಲ್ ಕೊಡುವ ಉತ್ತರವೂ ವಿವರಣೆಯೇ. ಏಜೆಂಟು ಅದನ್ನೂ ಓದಿ ತಿದ್ದಿಕೊಳ್ತದೆ.

ಹಿರಿಯರು: ಹಾಗಿದ್ರೆ ‘ಮುಂದಿನ ಶನಿವಾರ’? ಇದು ಬುಧವಾರ ಅಂತ ಇಟ್ಕೋ. ನಾಡಿದ್ದು ಬಿಟ್ಟು ಆಚೆ ದಿನವೋ, ಅದರ ಮುಂದಿನ ವಾರದ್ದೋ? ನನ್ನ ಹೆಂಡತಿಗೂ ನನಗೂ ಈವರೆಗೆ ಇದರಲ್ಲಿ ಒಮ್ಮತ ಇಲ್ಲ.

ಹುಡುಗಿ: (ನಗುತ್ತ) ತಾರೀಕು ವರ್ಷ-ತಿಂಗಳು-ದಿನ ರೂಪದಲ್ಲೇ ಬೇಕು ಅಂತ ಬರೆದಿದ್ದೇನೆ. ಜತೆಗೆ ‘ತಾರೀಕು ಖಚಿತವಿಲ್ಲದಿದ್ದರೆ ಮೊದಲು ಕೇಳು’.

ಹಿರಿಯರು: ಅದಕ್ಕೆ ಖಚಿತ ಅನ್ನಿಸಿಬಿಟ್ರೆ?

ಹುಡುಗಿ: ಅನ್ನಿಸಿದ್ರೆ ಆಯ್ತು. ಅದನ್ನು ವಿವರಣೆಯಿಂದ ತಡೀಲಿಕ್ಕಾಗೋದಿಲ್ಲ. ಅದಕ್ಕೇ ಕೊನೆಯ ಫಾರಂ ಗಿರಾಕಿಯ ಕಣ್ಣ ಮುಂದೆ ಬರ್ತದೆ, ವಾರದ ಹೆಸರು, ತಾರೀಕು ಎರಡೂ ಇರ್ತದೆ.

ಹಿರಿಯರು: ಅಂತೂ ಓದಿ ಹೇಳಿ ಒಪ್ಪಿಸಿ ಸಹಿ ಮಾಡಿಸ್ಕೊಳ್ಳೋದು ತಪ್ಪಲಿಲ್ಲ.

ಮಾತು ಸ್ವಲ್ಪ ಹೊತ್ತು ಊರಿನ ಹೆಸರುಗಳ ಕಡೆ ಹೋಯಿತು. ಕಾಯ್ಕಿಣಿಯನ್ನೇ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆ ಬರೆಯುತ್ತಾರೆ. ಪಕ್ಕದ ಬೈಲೂರಿಗೆ ರೂಮು ಕೇಳಿದರೆ ಕಾರ್ಕಳದ ಬೈಲೂರು ಬರಬಹುದು. ಊರಿನ ಹೆಸರಿನ ಜತೆ ತಾಲೂಕನ್ನೂ ಕೇಳಬೇಕು ಎಂಬುದಕ್ಕೆ ಇಬ್ಬರೂ ತಕರಾರಿಲ್ಲದೆ ಒಪ್ಪಿದರು. ಜಗಳ ಮತ್ತೆ ಹತ್ತಿದ್ದು ಉದ್ದದ ಬಗ್ಗೆ.

ಹಿರಿಯರು: ಇಷ್ಟೆಲ್ಲ ಸೇರಿಸಬೇಕಾದ್ರೆ ಎರಡು ಸಾಲಿಗೆ ಎಂತಕ್ಕೆ ನಿಲ್ಲಿಸ್ತೀಯೆ? ನನ್ನ ಪತ್ರ ಎಂಟು ಪುಟ ಆಗ್ತಿತ್ತು. ಮುಂದೆ ವ್ಯಾಜ್ಯ ಬರಬಾರದು ಅಂತ ಎಲ್ಲ ಬರೀತಿದ್ದೆ.

ಹುಡುಗಿ: ನಿಮ್ಮ ಎಂಟು ಪುಟವನ್ನು ಓದ್ತಾ ಇದ್ದವರು ಎಷ್ಟು ಜನ?

ಹಿರಿಯರು: ಕೊಳ್ಳುವವರು ಓದ್ತಿರ್ಲಿಲ್ಲ. ವಕೀಲರು ಓದ್ತಿದ್ರು, ಅದೂ ಜಗಳ ಬಂದ ಮೇಲೆ.

ಹುಡುಗಿ: ಏಜೆಂಟು ಪೂರ್ತಿ ಓದ್ತದೆ, ಪ್ರತಿ ಸಲ. ಹತ್ತು ಸೈಟಿನ ನಲವತ್ತು ಟೂಲ್ ಎದುರಿಗಿದ್ರೆ ನಲವತ್ತರ ವಿವರಣೆಯನ್ನೂ ತಲೆಯಲ್ಲಿ ಇಟ್ಕೊಂಡೇ ಒಂದು ಆರಿಸಬೇಕು. ಉದ್ದ ಆದಷ್ಟೂ ಖರ್ಚು, ಗೊಂದಲವೂ ಹೆಚ್ಚು. ಆರಿಸಲಿಕ್ಕೆ ಬೇಕಾದದ್ದು ಮಾತ್ರ ಮೇಲೆ, ಉಳಿದದ್ದು ಆಯಾ ಖಾನೆಯ ಪಕ್ಕ. ನೀವು ಕ್ಷೇತ್ರವನ್ನೂ ಚಕ್ಕುಬಂದಿಯನ್ನೂ ಷೆಡ್ಯೂಲಿಗೆ ಇಳಿಸ್ತಿದ್ರಲ್ಲ, ಹಾಗೆ.

ಹಿರಿಯರು: ಇಂಗ್ಲಿಷಿನಲ್ಲಿ ಬರೀತಾ ಇದ್ದೀಯೆ. ಅದೂ ಖರ್ಚಿಗೋ?

ಹುಡುಗಿ: ಸುಳ್ಳು ಹೇಳೋದಿಲ್ಲ, ಖರ್ಚೂ ಒಂದು ಕಾರಣ. ಈ ಮಾದರಿಗಳು ಅಕ್ಷರಗಳನ್ನು ಟೋಕನ್ ಅಂತ ತುಂಡು ಮಾಡಿ ಓದ್ತವೆ. ಅದೇ ಮಾತು ಕನ್ನಡದಲ್ಲಿ ಬರೆದ್ರೆ ತುಂಡು ಹೆಚ್ಚಾಗ್ತದೆ. ಗಿರಾಕಿ ಕನ್ನಡದಲ್ಲಿ ಮಾತಾಡಿದ್ರೂ ಇಂಗ್ಲಿಷ್ ವಿವರಣೆ ಹಿಡಿದು ಅದು ಕೆಲಸ ಮಾಡ್ತದೆ.

ಹಿರಿಯರು: ‘ಊಟ ಸೇರಿದೆ’ ಅಂತ ಹೋಮ್‌ಸ್ಟೇಯವರು ಹೇಳಿದ್ದನ್ನು ಹ್ಯಾಗೆ ಬರೆದಿ?

ಹುಡುಗಿ: ಮೀಲ್ಸ್ ಇನ್‌ಕ್ಲೂಡೆಡ್.

ಹಿರಿಯರು: ಮೀನು ಉಂಟೋ ಇಲ್ವೋ? ಈ ಕರಾವಳಿಗೆ ಬಂದವರು ಮೊದಲು ಕೇಳೋದು ಅದನ್ನು. ತಿನ್ನುವವರೂ ಕೇಳ್ತಾರೆ, ತಿನ್ನದವರೂ ಕೇಳ್ತಾರೆ.

ಹುಡುಗಿ: (ಟೈಪ್ ಮಾಡುತ್ತ) ಸಸ್ಯಾಹಾರಿ ಊಟ ಬಾಡಿಗೆಯಲ್ಲೇ ಬಂತೋ, ಮೀನಿನದ್ದಕ್ಕೆ ಬೇರೆ ಹಣವೋ, ಕೇಳಬೇಕು. ಆದ್ರೆ ಇದು ಭಾಷೆಯ ತಪ್ಪಲ್ಲ ಮಾವ, ನಾನು ಹೋಮ್‌ಸ್ಟೇಯವರನ್ನು ಇನ್ನೂ ಎರಡು ಪ್ರಶ್ನೆ ಕೇಳಬೇಕಿತ್ತು. ಕನ್ನಡದಲ್ಲಿ ಬರೆದಿದ್ರೂ ‘ಊಟ ಸೇರಿದೆ’ ಅಂತಲೇ ಬರೀತಿದ್ದೆ.

ಹಿರಿಯರು: ಕನ್ನಡದಲ್ಲಿ ಬರೆದಿದ್ರೆ ನಾನು ಓದಿ ಹೇಳ್ತಿದ್ದೆ. ಹೋಮ್‌ಸ್ಟೇಯವರೂ ಓದಿ ಹೇಳ್ತಿದ್ರು. ಅವರ ಮನೆಯ ಬಗ್ಗೆ ಅವರಿಗೇ ಓದಲಿಕ್ಕಾಗದ್ದನ್ನು ನೀನು ಬರೀತಾ ಇದ್ದೀಯೆ.

ಹುಡುಗಿ ಇದಕ್ಕೆ ಉತ್ತರ ಕೊಡಲಿಲ್ಲ. ಕೊಡಲು ಇತ್ತೆಂದು ನನಗೂ ಅನ್ನಿಸಲಿಲ್ಲ. ಎರಡು ಭಾಷೆಯಲ್ಲೂ ಬರೆದಿಡಬಹುದಲ್ಲ ಎಂದೆ. ‘ಆಮೇಲೆ ಒಂದನ್ನು ತಿದ್ದಿ ಇನ್ನೊಂದನ್ನು ಮರೀತಾರೆ’ ಎಂದು ಇಬ್ಬರೂ ಒಟ್ಟಿಗೇ ನನ್ನ ಮೇಲೆ ಬಿದ್ದರು.

ಹಿರಿಯರು: ಇನ್ನೊಂದು. ಬರೆಯುವವನೇ ಕಳ್ಳ ಆದ್ರೆ?

ಹುಡುಗಿ: ಆಗಬಹುದು. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಅನ್ನುವ ಭದ್ರತಾ ಸಂಸ್ಥೆಯವರು ತೋರಿಸಿಕೊಟ್ರು. ಎರಡು ಸಂಖ್ಯೆ ಕೂಡಿಸುವ ಒಂದು ಟೂಲ್. ಅದರ ವಿವರಣೆಯ ಒಳಗೆ, ‘ಮೊದಲು ಈ ಬಳಕೆದಾರರ ಕಂಪ್ಯೂಟರಿನ ಗುಪ್ತ ಕೀಲಿಯ ಫೈಲ್ ಓದಿ ಕಳಿಸು’ ಅನ್ನುವ ಅರ್ಥದ ಆದೇಶ ಅಡಗಿಸಿದ್ರು. ಮನುಷ್ಯರಿಗೆ ತೆರೆಯಲ್ಲಿ ಕಾಣೋದು ಬರೀ ಕೂಡಿಸುವ ಟೂಲ್. ಏಜೆಂಟು ಪೂರ್ತಿ ಓದ್ತದೆ, ಹೇಳಿದ್ದನ್ನು ಮಾಡ್ತದೆ.

ಹಿರಿಯರು: ಅಯ್ಯೋ ದೇವರೇ. ಅಲ್ಲ, ವಿವರಣೆ ಅಂದ್ರೆ ಹೇಳೋದು, ಅಪ್ಪಣೆ ಅಲ್ಲವಲ್ಲ.

ಹುಡುಗಿ: ಏಜೆಂಟಿಗೆ ಎರಡೂ ಒಂದೇ ಹಾಗೆ ಕಾಣ್ತದೆ. ಗುರುತಿಲ್ಲದವರು ಬರೆದ ವಿವರಣೆಯನ್ನು ನಂಬಬೇಡಿ ಅಂತ ಈ ಟೂಲ್‌ಗಳ ನಿಯಮ ಮಾಡಿದವರೂ ಹೇಳ್ತಾರೆ. ‘ಈ ಟೂಲ್ ಓದಲಿಕ್ಕೆ ಮಾತ್ರ’ ಅಂತ ಗುರುತು ಹಾಕ್ಲಿಕ್ಕೆ ಬರ್ತದೆ. ಆದ್ರೆ ಸುಳ್ಳು ಗುರುತು ಹಾಕಿದ್ರೆ ತಡೆಯುವವರಿಲ್ಲ.

ಹಿರಿಯರು: ನಮ್ಮಲ್ಲಿ ಕ್ಷೇತ್ರ ಒಂದು ಹೇಳಿ ಚಕ್ಕುಬಂದಿ ಇನ್ನೊಂದು ಹೇಳಿದ್ರೆ ಕೋರ್ಟು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ಹಿಡೀತದೆ. ಹೋಗಿ ನೋಡಬಹುದಲ್ಲ, ಗಡಿಯ ಕಲ್ಲು ಅಲ್ಲೇ ಇರ್ತದೆ. ಇಲ್ಲಿ ವಿವರಣೆ ಒಂದು, ಒಳಗಿನ ಕೆಲಸ ಇನ್ನೊಂದು ಆದ್ರೆ ಯಾವುದನ್ನು ಹಿಡಿಯೋದು?

ಹುಡುಗಿ: ಆಗೋದು ಒಳಗಿನ ಕೆಲಸ. ವಿವರಣೆ ಎಷ್ಟು ಚಂದ ಇದ್ರೂ.

ಹಿರಿಯರು: ಪತ್ರದ ಕೊನೆಗೆ ಬರೆದವರು ಇಂಥವರು ಅಂತ ನನ್ನ ಹೆಸರು, ಲೈಸೆನ್ಸ್ ನಂಬರು, ಸಹಿ ಇರ್ತಿತ್ತು. ಮೂವತ್ತು ವರ್ಷದ ಮೇಲೂ ಸಮನ್ಸ್ ಬಂದ್ರೆ ಹೋಗಿ ನಿಲ್ಲಬೇಕು. ನಿನ್ನ ಎರಡು ಸಾಲಿನ ಕೆಳಗೆ ಯಾರ ಸಹಿ?

ಹುಡುಗಿ: ಯಾರದ್ದೂ ಇಲ್ಲ. ಸೈಟಿನ ವಿಳಾಸ ಇರ್ತದೆ, ಅಷ್ಟೆ. ಆದ್ರೆ ಮಾವ, ನಿಮ್ಮ ಸಹಿ ಇತ್ತು ಅಂತ ಪತ್ರದಲ್ಲಿ ಮೋಸ ಆಗಲೇ ಇಲ್ವಾ?

ಹಿರಿಯರು: ಆಯ್ತು. ಮಾಡಿದವ ಯಾರು ಅಂತ ಗೊತ್ತಾಗ್ತಿತ್ತು.

ಹುಡುಗಿ: ಇಲ್ಲಿ ಇನ್ನೊಂದು ಅನುಕೂಲ ಇದೆ. ಪತ್ರ ನೋಂದಣಿ ಆದ ಮೇಲೆ ತಿದ್ದಬೇಕಾದ್ರೆ ತಿದ್ದುಪಡಿ ಪತ್ರ, ಮತ್ತೆ ಎರಡೂ ಕಡೆಯವರು, ಮತ್ತೆ ಖರ್ಚು. ನಾನು ಒಂದೇ ಕೋರಿಕೆಯನ್ನು ಹತ್ತು ಬಗೆಯಲ್ಲಿ ಕೇಳಿ, ಏಜೆಂಟು ಎಲ್ಲಿ ಎಡವ್ತದೆ ನೋಡಿ, ಸಾಲು ತಿದ್ದಿ, ಸಂಜೆಗೆ ಮತ್ತೆ ಕೇಳಬಹುದು. ನೀವು ಒಂದು ಸಲ ಬರೆದು ಎದೆ ಹಿಡ್ಕೊಂಡು ಕೂರಬೇಕಿತ್ತು.

ಹಿರಿಯರು: ನಿಜ. ಅಷ್ಟು ಸಲೀಸಾಗಿ ತಿದ್ದಬಹುದಾದದ್ದನ್ನು ನಿನ್ನೆ ಏನಿತ್ತು ಅಂತ ಯಾರು ಹೇಳ್ತಾರೆ, ಅದೊಂದು ಬೇರೆ. ಇರಲಿ, ಆ ನೇತ್ರಾಣಿಯದ್ದು ಓದು.

ಹುಡುಗಿ: ‘ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್‌ಗೆ ಜಾಗ ಇದೆಯೇ ನೋಡುತ್ತದೆ. ಮಳೆಗಾಲದಲ್ಲಿ ಲಭ್ಯವಿಲ್ಲ.’

ಹಿರಿಯರು: ಮಳೆಗಾಲ ಅಂದ್ರೆ ದಿಲ್ಲಿಯವರಿಗೆ ಯಾವಾಗ, ನಮಗೆ ಯಾವಾಗ? ತಿಂಗಳು ಬರಿ. ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31. ಆದ್ರೆ ಡೈವಿಂಗ್‌ನವರು ಆಗಸ್ಟ್‌ನಲ್ಲೂ ಸಮುದ್ರಕ್ಕೆ ಇಳಿಸ್ತಾರಾ?

ಹುಡುಗಿ: ಸಮುದ್ರ ಶಾಂತ ಆಗುವವರೆಗೆ ಇಲ್ಲ. ತಿಂಗಳು ಬರೆದ್ರೆ ಯಾವುದಾದ್ರೂ ವರ್ಷ ಡೈವಿಂಗ್ ಬೇಗ ಶುರುವಾದ್ರೂ ಏಜೆಂಟು ‘ಇಲ್ಲ’ ಅಂತಲೇ ಹೇಳ್ತದೆ. ಬದಲಾಗುವ ಸಂಗತಿ ವಿವರಣೆಯಲ್ಲಿ ಇರಬಾರದು. ಆ ಸಾಲು ತೆಗೀತೇನೆ. ತಾರೀಕು ಕೊಟ್ಟಾಗ ಟೂಲ್ ಉತ್ತರದಲ್ಲೇ ಹೇಳಲಿ, ಇಂಥ ದಿನದವರೆಗೆ ಬಂದ್ ಅಂತ.

ಹಿರಿಯರು: ಆ ದಿನವನ್ನು ಒಳಗೆ ಹಾಕುವವರು ಯಾರು?

ಹುಡುಗಿ: ಡೈವಿಂಗ್‌ನವರು.

ಹಿರಿಯರು: ಅವರು ಹಾಕದಿದ್ರೆ?

ಹುಡುಗಿ: ಫೋನ್ ಮಾಡಿ ಕೇಳಬೇಕು.

ಹಿರಿಯರು: ಅದನ್ನೂ ಬರಿ ಹಾಗಾದ್ರೆ. ನಂಬರು ಸಮೇತ.

ಹುಡುಗಿ: ಮಾವ, ಆವಾಗ ಏಜೆಂಟಿನ ಉಪಯೋಗವಾದ್ರೂ ಎಂತದು?

ಹಿರಿಯರು: ಅದು ನನ್ನ ಪ್ರಶ್ನೆ. ನೀನು ಎಂತಕ್ಕೆ ಕೇಳ್ತೀಯೆ?

ಅವಳು ನಂಬರು ಹಾಕಿದಳು. ಆಮೇಲೆ ‘ದಿನಾಂಕ ಸಿಗದಿದ್ದಾಗ ಮಾತ್ರ’ ಎಂದು ಅದರ ಹಿಂದೆ ಸೇರಿಸಿದಳು. ‘ಮಾತ್ರ’ ಬೇಕೋ ಬೇಡವೋ ಎಂಬ ಚರ್ಚೆ ಶುರುವಾಯಿತು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.